ಕೋಳಿಗೆ ಜ್ವರ ನೋಡುವ ಕಡ್ಡಿ: ಅಡುಗೆಮನೆಯ ಥರ್ಮಾಮೀಟರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಚಿಕ್ಕಮಗಳೂರಿನಲ್ಲಿ. ಮೂಡಿಗೆರೆ ಹತ್ತಿರ ಅಕ್ಕ-ಭಾವನ ತೋಟ, ಅದರಲ್ಲೇ ಮೂರು ರೂಮಿನ ಒಂದು ಹೋಂಸ್ಟೇ. ಶನಿವಾರ ಬಂತೆಂದರೆ ನೆಂಟರೋ ಅತಿಥಿಗಳೋ ಯಾರಾದರೂ ಇದ್ದೇ ಇರುತ್ತಾರೆ, ಅಂಗಳದಲ್ಲಿ ಕೆಂಡದ ಮೇಲೆ ಕೋಳಿಯೂ ಇರುತ್ತದೆ. ನಾನು ಜೇಬಿನಿಂದ ಕಡ್ಡಿ ತೆಗೆದು ಕೋಳಿ ತೊಡೆಗೆ ಚುಚ್ಚಿದ ಕೂಡಲೇ "ಏನು, ಕೋಳಿಗೆ ಜ್ವರವಾ?" ಎಂದು ಕೇಳದವರಿಲ್ಲ. ನಕ್ಕು ಮುಗಿಸಿದ ಅದೇ ಜನ ಎರಡು ವಾರ ಬಿಟ್ಟು ಫೋನ್ ಮಾಡುತ್ತಾರೆ. "ಅದೇನೋ ಚುಚ್ಚುತ್ತಿದ್ರಲ್ಲ, ಯಾವುದು ತಗೊಂಡ್ರೆ ಒಳ್ಳೇದು?" ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ನಮ್ಮಜ್ಜಿ ಇದೆಲ್ಲ ಇಲ್ಲದೇ ಜೀವಮಾನವಿಡೀ ಬಾಡೂಟ ಮಾಡಿದರು. ನನಗ್ಯಾಕೆ ಬೇಕು?

ನಿಮ್ಮ ಮನೆಯಲ್ಲಿ ಸಾರು, ಪಲ್ಯ, ಬಿರಿಯಾನಿ ಬಿಟ್ಟರೆ ಬೇರೇನೂ ಮಾಡುವುದಿಲ್ಲ ಎಂದಾದರೆ ಬೇಡ, ದುಡ್ಡು ಉಳಿಸಿ. ಸಣ್ಣ ಸಣ್ಣ ತುಂಡು, ಮುಕ್ಕಾಲು ಗಂಟೆ ಕೊತ ಕೊತ ಕುದಿ. ಅದರಲ್ಲಿ ಹಸಿ ಉಳಿಯುವ ಮಾತೇ ಇಲ್ಲ.

ಆದರೆ ಅಜ್ಜಿ ಇಡೀ ಕೋಳಿಯನ್ನು ಓವನ್‌ನಲ್ಲಿ ಇಟ್ಟವರಲ್ಲ. ಏರ್ ಫ್ರೈಯರ್‌ನಲ್ಲಿ ತೊಡೆ ಸುಟ್ಟವರೂ ಅಲ್ಲ. ದಪ್ಪ ತುಂಡನ್ನು ನೀರಿಲ್ಲದೇ, ಬರೀ ಬಿಸಿಗಾಳಿಯಲ್ಲೋ ಕೆಂಡದಲ್ಲೋ ಬೇಯಿಸಲು ಶುರುಮಾಡಿದ ಮೇಲೆ ನಮ್ಮ ಹಳೇ ಅಂದಾಜು ಕೈಕೊಡುತ್ತದೆ.

ನನಗೆ ಕೈಕೊಟ್ಟಿದ್ದು ಒಂದು ಡಿಸೆಂಬರ್ ರಾತ್ರಿ. ತೋಟದಲ್ಲಿ ಕೊರೆಯುವ ಚಳಿ, ಹನ್ನೆರಡು ಜನ, ಎಲ್ಲರಿಗೂ ಹಸಿವು. ಮಸಾಲೆ ಮೆತ್ತಿದ ಕೋಳಿ ಕಾಲುಗಳನ್ನು ಕೆಂಡದ ಮೇಲೆ ಸಾಲಾಗಿ ಇಟ್ಟಿದ್ದೆ. ಚರ್ಮ ಕರ್ರಗಾಗಿ, ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಚುರ್ ಎನ್ನುತ್ತಿತ್ತು. ಬೆಂದಿದೆ ಅಂತಲೇ ಬಡಿಸಿದೆ. ಅಕ್ಕನ ಮಗ ಎರಡು ಬಾಯಿ ತಿಂದವನು ಮೊಬೈಲ್ ಟಾರ್ಚ್ ಹಾಕಿ, "ಮಾವ, ಇದು ಯಾಕೋ ಒಳಗೆ ಅಲುಗಾಡ್ತಿದೆ" ಎಂದ. ನೋಡಿದರೆ ಮೂಳೆ ಪಕ್ಕದ ಮಾಂಸ ಇನ್ನೂ ಹೊಳೆಯುತ್ತಿತ್ತು, ಜೆಲ್ಲಿ ತರ. ಎಲ್ಲರ ತಟ್ಟೆಯಿಂದ ವಾಪಸ್ ಎತ್ತಿಕೊಂಡು ಹೋಗಿ ಕಾವಲಿ ಮೇಲೆ ಮುಚ್ಚಿ ಬೇಯಿಸಿದೆ. ಬಡಿಸಿದ ಊಟ ಎತ್ತಿಕೊಳ್ಳುವ ಮುಜುಗರ ಅನುಭವಿಸಿದವರಿಗೇ ಗೊತ್ತು.

ಕೊಯ್ದು ಬಣ್ಣ ನೋಡಿದರೆ ಗೊತ್ತಾಗಲ್ವಾ?

ಅರ್ಧ ಗೊತ್ತಾಗುತ್ತದೆ, ಅರ್ಧ ಮೋಸ. ಆರು ವಾರದ ಬಾಯ್ಲರ್ ಕೋಳಿಯ ಮೂಳೆ ಇನ್ನೂ ಎಳಸು. ಒಳಗಿನ ಮಜ್ಜೆಯ ಕೆಂಪು ಹೊರಗೆ ಇಳಿದು, ಪೂರ್ತಿ ಬೆಂದ ಮೇಲೂ ಮೂಳೆ ಸುತ್ತ ಕೆಂಪಗೇ ಕಾಣಬಹುದು. ಹೊಗೆಯಲ್ಲಿ ಬೆಂದ ಮಾಂಸವೂ ಹಾಗೆ, ಅಂಚಿನಲ್ಲಿ ಗುಲಾಬಿ ಬಣ್ಣ ಉಳಿಯುತ್ತದೆ. ಇನ್ನು ಕೈಮಾ ಇದಕ್ಕೆ ಉಲ್ಟಾ, ಬೇಯುವ ಮುಂಚೆಯೇ ಒಳಗೆ ಕಂದು ಬಣ್ಣಕ್ಕೆ ತಿರುಗಿಬಿಡಬಹುದು. ನಮ್ಮ ಮಸಾಲೆಯಲ್ಲಿ ಅರಿಶಿನ, ಖಾರದಪುಡಿ ಬೇರೆ ಇರುತ್ತದೆ. ರಾತ್ರಿ ಬಲ್ಬಿನ ಬೆಳಕಲ್ಲಿ ಯಾವ ಬಣ್ಣ ಅಂತ ನೋಡುತ್ತೀರಿ?

ಹಾಗಾದರೆ ಯಾವುದಕ್ಕೆ ಎಷ್ಟು ಡಿಗ್ರಿ?

ಅಮೆರಿಕದ ಕೃಷಿ ಇಲಾಖೆ ಮನೆ ಅಡುಗೆಗೆ ಅಂತ ಹೇಳುವ ಲೆಕ್ಕವನ್ನೇ ನಾನು ಇಟ್ಟುಕೊಂಡಿದ್ದೇನೆ. ಕೋಳಿ, ಬಾತು, ಯಾವ ಹಕ್ಕಿಯಾದರೂ ಸರಿ, ಯಾವ ಭಾಗವಾದರೂ ಸರಿ, 74. ಕುರಿ, ಹಂದಿಯ ಕೈಮಾ 71. ಕೋಳಿ ಕೈಮಾ ಮತ್ತೆ 74. ಹಂದಿ, ಕುರಿಯ ಇಡೀ ತುಂಡು 63, ಆಮೇಲೆ ಒಲೆಯಿಂದ ಇಳಿಸಿ ಮೂರು ನಿಮಿಷ ಸುಮ್ನೆ ಬಿಡಬೇಕು. ಮೀನು 63. ನಿನ್ನೆಯ ಸಾರು ಬಿಸಿ ಮಾಡಿದರೆ 74. ಎಲ್ಲವೂ ಸೆಲ್ಸಿಯಸ್, ಎಲ್ಲವೂ ತುಂಡಿನ ಒಳಗಿನ ಬಿಸಿ.

ಕೈಮಾಕ್ಕೆ ಜಾಸ್ತಿ ಯಾಕೆ ಅಂದರೆ, ಇಡೀ ತುಂಡಿನಲ್ಲಿ ರೋಗಾಣು ಹೆಚ್ಚಾಗಿ ಇರುವುದು ಮೇಲ್ಮೈಯಲ್ಲಿ. ಅರೆದಾಗ ಅದು ಒಳಗೂ ಹೊರಗೂ ಸಮನಾಗಿ ಬೆರೆತುಹೋಗುತ್ತದೆ. ಕೈಮಾ ಉಂಡೆಯ ನಟ್ಟನಡುವೆ ಇರುವುದೂ ಒಂದು ಕಾಲದಲ್ಲಿ ಮೇಲ್ಮೈ ಆಗಿದ್ದದ್ದೇ.

ಹಂದಿ ಮಾಂಸಕ್ಕೆ 63 ಸಾಕಾ? ನಮ್ಮ ಕಡೆ ಚೆನ್ನಾಗಿ ಬೇಯಿಸಬೇಕು ಅಂತಾರಲ್ಲ?

ಮೊದಲು ಅಲ್ಲೂ 71 ಅಂತಲೇ ಇತ್ತು, 2011ರಲ್ಲಿ 63ಕ್ಕೆ ಇಳಿಸಿದರು. ಅಲ್ಲಿನ ಹಂದಿ ಹೆಚ್ಚಾಗಿ ಮುಚ್ಚಿದ ಫಾರಂಗಳಲ್ಲಿ ಬೆಳೆದದ್ದು. ನಮ್ಮಲ್ಲಿ ಬಯಲಲ್ಲಿ ಮೇಯುವ ಹಂದಿಯೂ ಮಾರಾಟಕ್ಕೆ ಬರುತ್ತದೆ, ಅರೆಬೆಂದ ಮಾಂಸದಿಂದ ಲಾಡಿಹುಳು ಹೊಟ್ಟೆ ಸೇರುವ ಭಯ ಸುಳ್ಳಲ್ಲ. ಹಾಗಾಗಿ ನಾನು 71ಕ್ಕೆ ಮೊದಲು ಇಳಿಸುವುದಿಲ್ಲ. ಹಾಗೆ ನೋಡಿದರೆ ಮಲೆನಾಡಿನ ಹಂದಿ ಸಾರಿಗೆ ಈ ಚರ್ಚೆಯೇ ಬೇಡ, ಅದು ಕುದಿದು ಕುದಿದು 90 ದಾಟಿರುತ್ತದೆ. ಓವನ್‌ನಲ್ಲಿ ರೋಸ್ಟ್ ಮಾಡುವವರಿಗೆ ಮಾತ್ರ ಈ ಲೆಕ್ಕ.

ಅಂಗಡಿಯಲ್ಲಿ ನಾಲ್ಕೈದು ತರದ್ದು ಇದೆ. ಯಾವುದು ತಗೊಳ್ಳಲಿ?

ಒಂದೇ ತಗೊಳ್ಳುವುದಾದರೆ ಡಿಜಿಟಲ್ ಕಡ್ಡಿ ತಗೊಳ್ಳಿ. ಪೆನ್ನಿನ ಹಾಗೋ ಚಾಕುವಿನ ಹಾಗೆ ಮಡಚುವಂತೆಯೋ ಇರುತ್ತದೆ. ಬಿಸಿ ಅಳೆಯುವ ಭಾಗ ತುದಿಯಲ್ಲೇ ಇರುವುದರಿಂದ ಒಂದು ಸೆಂಟಿಮೀಟರ್ ಒಳಗೆ ಹೋದರೂ ಓದುತ್ತದೆ. ಕೋಳಿ ಎದೆ, ಮೀನು, ಕೈಮಾ ಉಂಡೆ, ಎಲ್ಲಕ್ಕೂ ಆಗುತ್ತದೆ.

ಗಡಿಯಾರದ ಹಾಗೆ ಮುಳ್ಳಿರುವ ಡಯಲ್ ಥರ್ಮಾಮೀಟರ್ ನೋಡಲು ಚೆಂದ, ಸೆಲ್ ಬೇಡ. ಆದರೆ ಅದರೊಳಗೆ ಇರುವುದು ಎರಡು ಲೋಹದ ಸುರುಳಿ, ಕಡ್ಡಿಯ ಐದಾರು ಸೆಂಟಿಮೀಟರ್ ಉದ್ದಕ್ಕೂ ಇರುತ್ತದೆ. ಅಷ್ಟುದ್ದದ ಸರಾಸರಿ ಬಿಸಿಯನ್ನು ಅದು ತೋರಿಸುತ್ತದೆ. ದಪ್ಪ ಕುರಿ ತೊಡೆಗೆ ಸರಿ, ತೆಳು ತುಂಡಿಗೆ ದಂಡ.

ವೈರ್ ಇರುವುದು ಓವನ್‌ನವರಿಗೆ. ಕಡ್ಡಿ ಮಾಂಸದೊಳಗೆ, ವೈರ್ ಬಾಗಿಲ ಸಂದಿಯಿಂದ ಆಚೆ, ಡಬ್ಬಿ ಮೇಜಿನ ಮೇಲೆ. ನೀವು ಹೇಳಿದ ಡಿಗ್ರಿ ಬಂದಾಗ ಕೂಗುತ್ತದೆ. ಇಡೀ ಕೋಳಿ ಆಗಾಗ ಮಾಡುವವರಿಗೆ ತುಂಬಾ ಅನುಕೂಲ, ಬಾಗಿಲು ಪದೇ ಪದೇ ತೆಗೆಯುವ ಕೆಲಸ ತಪ್ಪುತ್ತದೆ. ವೈರ್ ಇಲ್ಲದೇ ಫೋನಿಗೆ ಸುದ್ದಿ ಕಳಿಸುವುದೂ ಇದೆ. ಅದು ಶೋಕಿ, ದುಡ್ಡಿದ್ದರೆ ತಗೊಳ್ಳಿ.

ಗಾಜಿನ ಕೊಳವೆಯದ್ದು, ಅದರಲ್ಲೂ ಪಾದರಸದ್ದು, ಅಡುಗೆಮನೆಗೆ ತರಲೇಬೇಡಿ. ಒಡೆದರೆ ಸಾರನ್ನಷ್ಟೇ ಅಲ್ಲ, ಪಾತ್ರೆಯನ್ನೂ ಬಿಸಾಡಬೇಕು.

ಜ್ವರ ನೋಡುವ ಥರ್ಮಾಮೀಟರ್ ಮನೆಯಲ್ಲೇ ಇದೆಯಲ್ಲ?

ಅದು 42, 43 ಡಿಗ್ರಿಗೆ ಮುಗಿಯುತ್ತದೆ. ಕೋಳಿ ಬೇಯಲು ಶುರುವಾಗುವ ಮೊದಲೇ ಅದರ ಕಥೆ ಮುಗಿದಿರುತ್ತದೆ.

ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್?

ಅದೂ ಮೈಬಿಸಿ ನೋಡಲಿಕ್ಕೆ ಮಾತ್ರ. ಅಡುಗೆಗೆ ಅಂತ ಬರುವ ಗನ್ ಬೇರೆ ಇದೆ, 300 ಡಿಗ್ರಿ ದಾಟಿ ಓದುತ್ತದೆ. ಆದರೆ ಅದು ನೋಡುವುದು ಮೇಲ್ಮೈಯನ್ನು. ನನ್ನ ಆ ಡಿಸೆಂಬರ್ ಕೋಳಿಗೆ ಹಿಡಿದಿದ್ದರೆ ನೂರಕ್ಕಿಂತ ಮೇಲೇ ತೋರಿಸಿರುತ್ತಿತ್ತು! ಅಕ್ಕಿ ರೊಟ್ಟಿ ಕಾವಲಿ ಕಾದಿದೆಯಾ, ಪಿಜ್ಜಾ ಕಲ್ಲು ಕಾದಿದೆಯಾ ಅಂತ ನೋಡಲು ಒಳ್ಳೆಯದು. ಫಳಫಳ ಹೊಳೆಯುವ ಸ್ಟೀಲ್ ಪಾತ್ರೆಯ ಮೇಲೆ ಅದಕ್ಕೂ ಲೆಕ್ಕ ತಪ್ಪುತ್ತದೆ, ನಿಜವಾದ ಬಿಸಿಗಿಂತ ತುಂಬಾ ಕಡಿಮೆ ತೋರಿಸುತ್ತದೆ.

ತಗೊಳ್ಳುವಾಗ ಪೆಟ್ಟಿಗೆ ಮೇಲೆ ಏನು ನೋಡಬೇಕು?

ತಪ್ಪು ಎಷ್ಟು ಅಂತ ಮೊದಲು ನೋಡಿ. ಪ್ಲಸ್ ಆರ್ ಮೈನಸ್ 1 ಡಿಗ್ರಿ, ಅದಕ್ಕಿಂತ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು. ಆ ಸಾಲೇ ಇಲ್ಲದ ಪೆಟ್ಟಿಗೆಯನ್ನು ನಾನು ಕೆಳಗಿಡುತ್ತೇನೆ. ಎರಡನೆಯದು ವೇಗ. ಮೂರರಿಂದ ಐದು ಸೆಕೆಂಡಿಗೆ ಅಂಕಿ ನಿಲ್ಲಬೇಕು. ಕೆಂಡದ ಮೇಲೆ ಕೈ ಹಿಡಿದುಕೊಂಡು ಹದಿನೈದು ಸೆಕೆಂಡ್ ನಿಂತು ನೋಡಿ, ವೇಗಕ್ಕೆ ಯಾಕೆ ಬೆಲೆ ಅಂತ ತಾನಾಗೇ ಗೊತ್ತಾಗುತ್ತದೆ.

ಆಮೇಲೆ ಕಡ್ಡಿಯ ತುದಿ. ಪೆನ್ಸಿಲ್‌ನ ಹಾಗೆ ದಪ್ಪ ಇದ್ದರೆ ಬೇಡ, ಕೊನೆಗೆ ಸಣ್ಣಗಾಗಿರಬೇಕು. ಐಪಿ67 ಅಂತ ಬರೆದಿದ್ದರೆ ನೀರಿಗೆ ಬಿದ್ದರೂ ಬದುಕುತ್ತದೆ. ಐಪಿ65 ಆದರೆ ನಲ್ಲಿ ನೀರು ತಡೆಯುತ್ತದೆ, ಮುಳುಗಿಸಬಾರದು. ಏನೂ ಬರೆದಿಲ್ಲ ಅಂದರೆ ತಲೆಭಾಗಕ್ಕೆ ನೀರು ಸೋಕಿಸಬೇಡಿ. ಪರದೆಗೆ ಬೆಳಕು ಇರಲಿ, ನಮ್ಮ ಬಾಡೂಟಗಳೆಲ್ಲ ರಾತ್ರಿ ಹೊತ್ತಿನವೇ ಅಲ್ವಾ. ಸೆಲ್ ಯಾವುದು ಅಂತಲೂ ಕೇಳಿ. ತ್ರಿಬಲ್ ಎ ಆದರೆ ತೋಟದ ಪಕ್ಕದ ಗೂಡಂಗಡಿಯಲ್ಲೂ ಸಿಗುತ್ತದೆ. ಗುಂಡಿ ಸೆಲ್‌ಗೆ ಊರಿಗೇ ಬರಬೇಕು, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಆ ಗುಂಡಿ ಸೆಲ್ ನುಂಗುವ ಅಪಾಯವೂ ಇದೆ.

ಬ್ರ್ಯಾಂಡ್ ಯಾವುದು ಅಂತ ಕೇಳಬೇಡಿ. ಒಂದೇ ಕಡ್ಡಿ ಐದು ಹೆಸರಿನಲ್ಲಿ ಮಾರಾಟವಾಗುವುದನ್ನು ನೋಡಿದ್ದೇನೆ. ಮನೆಗೆ ಬಂದ ದಿನ ನೀವೇ ಪರೀಕ್ಷೆ ಮಾಡಿ, ನಂಬುವುದಾದರೆ ಅದನ್ನು ನಂಬಿ.

ಕುದಿಯುವ ನೀರಿಗೆ ಹಾಕಿದೆ, 96 ತೋರಿಸುತ್ತಿದೆ. ಹಾಳಾಗಿದೆಯಾ? ವಾಪಸ್ ಕಳಿಸಲಾ?

ದಯವಿಟ್ಟು ಕಳಿಸಬೇಡಿ. ನಾನು ಕಳಿಸಿ ಕೆಟ್ಟವನು.

ನನ್ನ ಮೊದಲ ಥರ್ಮಾಮೀಟರ್ ಆನ್‌ಲೈನ್‌ನಲ್ಲಿ ತರಿಸಿದ್ದು. ಜೊತೆಗೆ ಬಂದ ಚೀಟಿಯಲ್ಲಿ ಕುದಿಯುವ ನೀರಿನಲ್ಲಿ 100 ತೋರಿಸಬೇಕು ಅಂತಿತ್ತು. ಟೀ ಪಾತ್ರೆಯಲ್ಲಿ ನೀರು ಮಳಮಳ ಕುದಿಸಿ ಅದ್ದಿದೆ. 96 ಚಿಲ್ಲರೆಗೆ ಬಂದು ನಿಂತಿತು. ಇನ್ನೊಂದು ಐದು ನಿಮಿಷ ಉರಿ ಜೋರು ಮಾಡಿದೆ. ಅಲ್ಲೇ ನಿಂತಿದೆ. ಮಾರಿದವರಿಗೆ ಬೈದು ವಾಪಸ್ ಕಳಿಸಿ ಬೇರೆ ಹೆಸರಿನದ್ದು ತರಿಸಿದೆ. ಅದೂ 96. ಎರಡು ಕಂಪನಿಯವರು ಮಾತಾಡಿಕೊಂಡು ಒಂದೇ ತಪ್ಪು ಮಾಡುತ್ತಾರಾ? ಎರಡನೆಯದನ್ನು ಮಂಗಳೂರಿಗೆ ಹೋದಾಗ ಚೀಲದಲ್ಲಿ ಹಾಕಿಕೊಂಡು ಹೋದೆ. ಚಿಕ್ಕಮ್ಮನ ಮನೆ ಒಲೆ ಮೇಲೆ ಅದೇ ಕಡ್ಡಿ ಸರಿಯಾಗಿ 100 ತೋರಿಸಿತು.

ತಪ್ಪು ಕಡ್ಡಿಯದ್ದಲ್ಲ, ಊರು ಎತ್ತರದಲ್ಲಿದೆ ಅಷ್ಟೇ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಮೇಲಿದೆ. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ, ಒತ್ತಡ ಕಡಿಮೆಯಾದಷ್ಟೂ ನೀರು ಬೇಗ ಕುದಿಯುತ್ತದೆ. ಅಂದಾಜು 300 ಮೀಟರಿಗೆ ಒಂದು ಡಿಗ್ರಿ ಇಳಿಯುತ್ತದೆ. ಹಾಗಾಗಿ ನಮ್ಮಲ್ಲಿ ನೀರು ಕುದಿಯುವುದು 96ರಿಂದ 96.5ರ ನಡುವೆ. ಹಾಸನ ನಮಗಿಂತ ನೂರು ಮೀಟರ್‌ನಷ್ಟು ಕೆಳಗೆ, ಅಲ್ಲಿ 97ರ ಹತ್ತಿರ ಬರುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ತುದಿಯಲ್ಲಿ ಸ್ಟೌ ಹಚ್ಚಿದರೆ 93, 94ಕ್ಕೇ ಕುದಿ ಬರುತ್ತದೆ.

ಚಿಕ್ಕಮಗಳೂರಿನ ಒಲೆ ಮೇಲೆ ಸರಿಯಾಗಿ 100 ತೋರಿಸುವ ಥರ್ಮಾಮೀಟರ್ ನಿಮ್ಮ ಹತ್ತಿರ ಇದ್ದರೆ, ಅನುಮಾನ ಪಡಬೇಕಾದ್ದು ಅದರ ಮೇಲೆ. ಅಂಥ ಕಡ್ಡಿ 74 ಎಂದಾಗ ಕೋಳಿ ಇನ್ನೂ 70ರಲ್ಲೇ ಇದ್ದರೂ ಇರಬಹುದು.

ಹಾಗಾದರೆ ಪರೀಕ್ಷೆ ಮಾಡುವುದು ಹೇಗೆ?

ಐಸ್‌ನಲ್ಲಿ ಮಾಡಿ. ಕರಗುವ ಮಂಜುಗಡ್ಡೆ ಮಂಗಳೂರಿನಲ್ಲೂ ಸೊನ್ನೆ, ಗಿರಿ ಮೇಲೂ ಸೊನ್ನೆ. ಎತ್ತರದ ತಕರಾರು ಅದಕ್ಕಿಲ್ಲ.

ಐಸ್ ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಜಜ್ಜಿ. ದೊಡ್ಡ ಸ್ಟೀಲ್ ಲೋಟಕ್ಕೆ ಬಾಯಿತನಕ ತುಂಬಿ. ಸಂದಿಗಳು ತುಂಬುವಷ್ಟು ಮಾತ್ರ ತಣ್ಣೀರು ಹಾಕಿ. ನೀರು ಜಾಸ್ತಿಯಾಗಿ ಐಸ್ ಮೇಲೆ ತೇಲಿದರೆ ಪರೀಕ್ಷೆ ಕೆಟ್ಟಿತು, ತಳದಲ್ಲಿ ನಾಲ್ಕು ಡಿಗ್ರಿಯ ನೀರು ನಿಂತುಬಿಡುತ್ತದೆ. ಉಪ್ಪು ಹಾಕಲೇಬೇಡಿ, ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಎರಡು ಮೂರು ನಿಮಿಷ ಬಿಟ್ಟು, ಕಡ್ಡಿಯನ್ನು ನಡುವೆ ಇಳಿಸಿ, ತಳಕ್ಕೂ ಗೋಡೆಗೂ ತಾಗಿಸದೆ ಮೆಲ್ಲಗೆ ಕಲಕಿ. ಒಂದರಿಂದ ಮೈನಸ್ ಒಂದರ ಒಳಗೆ ನಿಂತರೆ ಪಾಸು. ಎರಡಕ್ಕಿಂತ ಜಾಸ್ತಿ ಆಚೀಚೆ ಇದ್ದರೆ ಅವತ್ತೇ ವಾಪಸ್ ಮಾಡಿ, ದಿನ ಕಳೆದರೆ ತಗೊಳ್ಳುವುದಿಲ್ಲ.

ಐಸ್‌ನಲ್ಲಿ ಪಾಸಾದ ಮೇಲೆ ಕುದಿಯುವ ನೀರಿಗೂ ಹಾಕಿ, ನಿಮ್ಮ ಊರಿನ ಅಂಕಿ ಬರುತ್ತದಾ ನೋಡಿ. ತಣ್ಣಗೆ ಸರಿ ಓದಿ ಬಿಸಿಯಲ್ಲಿ ದಾರಿ ತಪ್ಪುವ ಕಡ್ಡಿಗಳೂ ಇವೆ. ಡಯಲ್‌ನದ್ದಾದರೆ ಮುಖದ ಹಿಂದೆ ಒಂದು ನಟ್ ಇರುತ್ತದೆ, ಐಸ್‌ನಲ್ಲಿ ಇಟ್ಟುಕೊಂಡೇ ತಿರುಗಿಸಿ ಮುಳ್ಳನ್ನು ಸೊನ್ನೆಗೆ ತರಬಹುದು. ನಾನು ಆರು ತಿಂಗಳಿಗೊಮ್ಮೆ ಈ ಶಾಸ್ತ್ರ ಮಾಡುತ್ತೇನೆ, ಕೆಳಗೆ ಬಿದ್ದರೆ ಅವತ್ತೇ.

ಎಲ್ಲಿ ಚುಚ್ಚಬೇಕು?

ಎಲ್ಲಕ್ಕಿಂತ ದಪ್ಪ ಇರುವ ಕಡೆ, ಅದರ ನಡುವಿಗೆ. ಮೂಳೆಗೆ ತಾಗಿಸಬಾರದು, ಅಲ್ಲಿ ಸುಳ್ಳು ಅಂಕಿ ಬರುತ್ತದೆ. ಇಡೀ ಕೋಳಿಯಾದರೆ ತೊಡೆ ಮೈಗೆ ಸೇರುವ ಒಳಸಂದಿ, ಆಮೇಲೆ ಎದೆಯ ದಪ್ಪ ಭಾಗ. ಎರಡೂ 74 ಆಗಬೇಕು. ಎದೆ ತುಂಡನ್ನೂ ಕೈಮಾ ಉಂಡೆಯನ್ನೂ ಮೇಲಿಂದ ಚುಚ್ಚಬೇಡಿ, ಪಕ್ಕದಿಂದ ಚುಚ್ಚಿ.

ನಾನು ಮಾಡುವ ಒಂದು ಉಪಾಯ ಇದೆ. ಕಡ್ಡಿಯನ್ನು ಸ್ವಲ್ಪ ಜಾಸ್ತಿಯೇ ಒಳಗೆ ತಳ್ಳಿ, ಆಮೇಲೆ ನಿಧಾನಕ್ಕೆ ಹೊರಗೆ ಎಳೆಯುತ್ತೇನೆ. ಅಂಕಿ ಇಳಿಯುತ್ತಾ ಬಂದು ಒಂದು ಕಡೆ ಮತ್ತೆ ಏರಲು ಶುರುವಾಗುತ್ತದೆ. ಆ ತಳ ಮುಟ್ಟಿದ ಅಂಕಿಯೇ ನಿಜವಾದದ್ದು. ಹತ್ತು ಕಾಲು ಇದ್ದರೆ ಒಂದನ್ನೇ ನೋಡಿ ಬಿಡಬೇಡಿ, ಕೆಂಡ ಕಡಿಮೆ ಇರುವ ಮೂಲೆಯ ಕಾಲನ್ನು ನೋಡಿ.

ಚುಚ್ಚಿದರೆ ರಸ ಎಲ್ಲ ಸೋರಿ ಹೋಗಲ್ವಾ?

ಒಂದೆರಡು ಹನಿ. ಬೆಂದಿದೆಯೋ ಇಲ್ಲವೋ ಎಂದು ಇಪ್ಪತ್ತು ನಿಮಿಷ ಜಾಸ್ತಿ ಇಟ್ಟರೆ ಹೋಗುವ ರಸದ ಮುಂದೆ ಅದು ಏನೂ ಅಲ್ಲ.

ನಾಟಿ ಕೋಳಿ 74 ಆಯ್ತು. ಆದರೂ ರಬ್ಬರ್ ತರ ಇದೆ, ಯಾಕೆ?

ಥರ್ಮಾಮೀಟರ್ ಹೇಳುವುದು ತಿಂದರೆ ಹೊಟ್ಟೆ ಕೆಡುವುದಿಲ್ಲ ಅಂತ. ಹಲ್ಲಿಗೆ ಮೆತ್ತಗಿದೆ ಅಂತ ಅದು ಹೇಳುವುದಿಲ್ಲ. ಒಂದು ವರ್ಷ ತೋಟವೆಲ್ಲ ಓಡಾಡಿ ಕೆದಕಿ ತಿಂದ ಹುಂಜದ ಕಾಲಲ್ಲಿ ನಾರು, ಪೊರೆ ಜಾಸ್ತಿ. ಅದು ಕರಗಿ ಮೆತ್ತಗಾಗಬೇಕಾದರೆ 80, 90 ಡಿಗ್ರಿಯಲ್ಲಿ ಹೊತ್ತು ಕಳೆಯಬೇಕು. ಹಂದಿಯ ಭುಜದ ತುಂಡೂ ಹಾಗೆ, 90 ದಾಟಿದ ಮೇಲೆಯೇ ಬೆರಳಲ್ಲಿ ಬಿಡಿಸಿಕೊಳ್ಳುವುದು.

ತೆರೆದ ಪಾತ್ರೆಯಲ್ಲಿ ನಮ್ಮ ಸಾರು 96, 97 ದಾಟುವುದಿಲ್ಲ ಅಂತ ಈಗ ಗೊತ್ತಾಯಿತಲ್ಲ. ಕರಾವಳಿಯ ನೆಂಟರು "ನಮ್ಮಲ್ಲಿ ಇಷ್ಟೊತ್ತಿಗೆ ಬೆಂದಿರುತ್ತಿತ್ತು" ಎಂದರೆ ಅವರು ಜಂಬ ಕೊಚ್ಚುತ್ತಿಲ್ಲ. ಕುಕ್ಕರ್ ಇಡಿ. ಅದರೊಳಗೆ 120ರ ಆಸುಪಾಸು ಹೋಗುತ್ತದೆ.

ಕುಕ್ಕರ್ ಒಳಗೆ ಥರ್ಮಾಮೀಟರ್ ಇಡಬಹುದಾ?

ಬೇಡ. ಇಡುವ ಅಗತ್ಯವೂ ಇಲ್ಲ.

ಚೀಟಿಯಲ್ಲಿ 165 ಅಂತಿದೆ, ನೀವು 74 ಅಂತೀರಿ?

ಎರಡೂ ಒಂದೇ. 165 ಎನ್ನುವುದು ಫ್ಯಾರನ್‌ಹೀಟ್. ಸೆಲ್ಸಿಯಸ್‌ಗೆ ಬದಲಿಸುವ ಗುಂಡಿ ಹಿಂದೆಯೋ ಸೆಲ್ ಮುಚ್ಚಳದ ಒಳಗೋ ಇರುತ್ತದೆ. ನಮ್ಮ ಭಾವ ಇದನ್ನು ಗಮನಿಸದೆ, ಸೆಲ್ಸಿಯಸ್ ಇಟ್ಟುಕೊಂಡು 165 ಬರಲಿ ಎಂದು ಕಾದರು. ಮಾಂಸದಲ್ಲಿ ನೀರಿರುವ ತನಕ ಒಳಗೆ ಅಷ್ಟು ಬಿಸಿ ಏರುವುದೇ ಇಲ್ಲ. ಎರಡೂವರೆ ಗಂಟೆ ಆದ ಮೇಲೆ ಓವನ್‌ನಿಂದ ಹೊರಬಂದ ಕೋಳಿಯನ್ನು ನಾಯಿಯೂ ಮೂಸಿ ನೋಡಿ ಹೋಯಿತು.

ತೊಳೆಯುವುದು, ಇಡುವುದು ಹೇಗೆ?

ಹಸಿ ಇರುವಾಗ ಚುಚ್ಚಿದ ಕಡ್ಡಿಯನ್ನು ತೊಳೆಯದೆ ಬೆಂದದ್ದಕ್ಕೆ ಚುಚ್ಚಬೇಡಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಸೋಪು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಕಡ್ಡಿಯನ್ನು ಮಾತ್ರ ಚೆನ್ನಾಗಿ ಒರೆಸಿ, ಬಿಸಿನೀರು ಹಾಯಿಸಿ.

ಮಲೆನಾಡಿನ ಮಳೆಗಾಲಕ್ಕೆ ಬೇರೆ ಮಾತು. ಜೂನ್‌ನಿಂದ ಮೂರು ತಿಂಗಳು ಬೆಲ್ಟಿಗೂ ಚಪ್ಪಲಿಗೂ ಬೂಷ್ಟು ಹಿಡಿಯುವ ಊರು ನಮ್ಮದು. ಸೆಲ್ ಹಾಕಿಟ್ಟ ಥರ್ಮಾಮೀಟರ್ ಡ್ರಾಯರಿನಲ್ಲಿ ಬಿಟ್ಟರೆ ಒಳಗಿನ ಸ್ಪ್ರಿಂಗ್ ಹಸಿರುಗಟ್ಟುತ್ತದೆ. ನನ್ನದೊಂದು ಹಾಗೇ ಹೋಯಿತು. ಈಗ ಸೆಲ್ ತೆಗೆದು, ಹೊಸ ಶೂ ಜೊತೆ ಬರುವ ಆ ಸಣ್ಣ ಸಿಲಿಕಾ ಪೊಟ್ಟಣ ಹಾಕಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಇಡುತ್ತೇನೆ.

ಎಷ್ಟು ದುಡ್ಡು ಹಾಕಬಹುದು?

ಐನೂರು ರೂಪಾಯಿ ಒಳಗಿನದ್ದೂ ಕೆಲಸ ಮಾಡುತ್ತದೆ, ನಿಧಾನ ಅಷ್ಟೇ. ಹತ್ತು ಹದಿನೈದು ಸೆಕೆಂಡ್ ಕಾಯಬೇಕು, ಮುಚ್ಚಳ ಬೇಗ ಸಡಿಲವಾಗುತ್ತದೆ. ಸಾವಿರದಿಂದ ಎರಡು ಸಾವಿರದೊಳಗೆ ವೇಗ, ಬೆಳಕು, ನೀರಿನ ತಡೆ ಎಲ್ಲವೂ ಇರುವುದು ಸಿಗುತ್ತದೆ. ಮನೆಗೆ ಅದು ಸಾಕು. ಅದಕ್ಕಿಂತ ಮೇಲಿನವು ಹೋಟೆಲಿನವರಿಗೆ.

ಬಾಡು ಮಾಡದ ದಿನ ಸುಮ್ನೆ ಬಿದ್ದಿರುತ್ತಾ?

ನಮ್ಮನೆಯಲ್ಲಿ ಇಲ್ಲ. ಹೆಪ್ಪು ಹಾಕುವ ಹಾಲು 40ರಿಂದ 45ಕ್ಕೆ ಇಳಿದಿದೆಯಾ ನೋಡಲು ಹೆಂಡತಿ ನನಗಿಂತ ಜಾಸ್ತಿ ಬಳಸುತ್ತಾಳೆ. ಚಳಿಗಾಲದಲ್ಲಿ ಮೊಸರು ಹದಗೆಡುವುದು ನಿಂತಿದೆ. ಚಕ್ಕುಲಿ ಎಣ್ಣೆಗೆ 170, 180. ಕಡ್ಡಿ ಅಷ್ಟು ಬಿಸಿ ತಡೆಯುತ್ತದಾ ಅಂತ ಮೊದಲು ಪೆಟ್ಟಿಗೆ ಮೇಲೆ ನೋಡಿಕೊಳ್ಳಿ.

ಇನ್ನೊಂದು ಕೆಲಸ ಫ್ರಿಜ್ಜಿನದ್ದು. ಆಗಸ್ಟ್‌ನಲ್ಲಿ ಮರ ಬಿದ್ದು ತೋಟದಲ್ಲಿ ಕರೆಂಟ್ ಹೋದರೆ ಬರುವುದು ಮಾರನೇ ದಿನವೋ ಅದರ ಮಾರನೇ ದಿನವೋ. ಬಾಗಿಲು ತೆಗೆಯದೆ ಇಟ್ಟರೆ ಫ್ರಿಜ್ಜಿನ ತಂಪು ನಾಲ್ಕು ಗಂಟೆ ನಿಲ್ಲುತ್ತದೆ, ತುಂಬಿದ ಫ್ರೀಜರ್ ಎರಡು ದಿನ ತಡೆಯುತ್ತದೆ. ಕರೆಂಟ್ ಬಂದ ಮೇಲೆ ಅಕ್ಕ ಮಾಂಸದ ಪೊಟ್ಟಣಕ್ಕೆ ಕಡ್ಡಿ ಚುಚ್ಚಿ ನೋಡುತ್ತಾಳೆ. 4 ಡಿಗ್ರಿ ಒಳಗಿದ್ದರೆ ಅವತ್ತೇ ಸಾರು. ಅದನ್ನು ದಾಟಿ ಎರಡು ಗಂಟೆ ಆಗಿರಬಹುದು ಅನ್ನಿಸಿದರೆ ಕಾಫಿ ಗಿಡದ ಬುಡಕ್ಕೆ, ಆಳವಾಗಿ ಗುಂಡಿ ತೆಗೆದು. ಮೇಲೆ ಹೂತರೆ ರಾತ್ರಿ ನಾಯಿ ಕೆದಕಿ ಅಂಗಳಕ್ಕೆ ತರುತ್ತದೆ.